ಮಣಿನಗರ ದಾಟಿದ ಮೇಲಿನ ಮೂರು ಕಿಲೋಮೀಟರು

ಹುಬ್ಬಳ್ಳಿಗೆ ಬಂದಾಗಲೆಲ್ಲ ನೆಂಟರು ಕೇಳುವ ಮಾತು ಒಂದೇ: "ನಿಮ್ಮ ಗುಜರಾತದಾಗ ಗಾಡಿ ಎಲ್ಲಾ ಟೈಮಿಗೆ ಸರಿಯಾಗಿ ಬರ್ತಾವಂತಲ್ರೀ?" ಬರ್ತಾವ ಮಾರಾಯ್ರೆ, ಕಾಗದದ ಮೇಲೆ.

ವಡೋದರಾ ಕಡೆಯಿಂದ ಬಂದರೆ ಮಣಿನಗರ ಅಹಮದಾಬಾದಿಗೆ ಹಿಂದಿನ ನಿಲ್ದಾಣ. ನಡುವೆ ಮೂರು ಕಿ.ಮೀ. ಆಸುಪಾಸು. ಅಹಮದಾಬಾದಿನಿಂದ ಹೊರಟ ಗಾಡಿ ಈ ದೂರವನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ತಿರುಗಿ ಬರುವ ಗಾಡಿಗೆ ಮಾತ್ರ ಟೈಂಟೇಬಲ್ಲಿನಲ್ಲಿ ಅದರ ಎರಡು ಪಟ್ಟು, ಮೂರು ಪಟ್ಟು ಸಮಯ. ಬರುವಾಗ ಹಳಿ ಉದ್ದವಾಗುತ್ತದೆಯೇ? ಇಲ್ಲ. ಗಾಡಿ ಸಮಯಕ್ಕೆ ಬಂತೋ ಇಲ್ಲವೋ ಎಂದು ರೈಲ್ವೆ ಲೆಕ್ಕ ಹಿಡಿಯುವುದು ಕೊನೆಯ ನಿಲ್ದಾಣದಲ್ಲಿ. ಕೊನೆಯ ತುಂಡಿಗೆ ಒಂದಷ್ಟು ನಿಮಿಷ ತುಂಬಿಟ್ಟರೆ ಮುಗಿಯಿತು. ನಡಿಯಾದಿನಲ್ಲಿ ತಡವಾದ ಗಾಡಿಯೂ ಅಹಮದಾಬಾದಿನಲ್ಲಿ ರೈಟ್ ಟೈಮ್.

ನಾನು ಬ್ಯಾಂಕಿನಲ್ಲಿದ್ದವನು. ಮಾರ್ಚ್ 31ರ ಸಂಜೆ ಠೇವಣಿ ಉಬ್ಬಿಸಿ ಏಪ್ರಿಲ್ ಮೊದಲ ವಾರ ಇಳಿಸುವ ವಿದ್ಯೆಗೆ ನಮ್ಮಲ್ಲಿ ವಿಂಡೋ ಡ್ರೆಸಿಂಗ್ ಎನ್ನುತ್ತಿದ್ದರು. ಸಿಕ್ಕಿಬಿದ್ದರೆ ಛೀಮಾರಿ. ಇಲ್ಲಿ ಅದೇ ವಿದ್ಯೆ ಅಚ್ಚಾಗಿ ಗೋಡೆಗೆ ಅಂಟಿಕೊಂಡಿರುತ್ತದೆ, ಯಾರೂ ಕೇಳುವವರಿಲ್ಲ.

ಪೆಟ್ಟು ಬೀಳುವುದು ನಡುವೆ ಇಳಿಯುವವರಿಗೆ. ಗುಜರಾತಿನಲ್ಲಿ ಅವರು 'ಅಪ್‌ಡೌನ್' ಮಾಡುವವರು. ಅದೇ ಒಂದು ಕ್ರಿಯಾಪದ. ಆಣಂದದಿಂದ ಮಣಿನಗರಕ್ಕೆ, ಮಣಿನಗರದಿಂದ ನಡಿಯಾದಿಗೆ, ಕಿಸೆಯಲ್ಲಿ ತಿಂಗಳ ಪಾಸು, ಕೈಯಲ್ಲಿ ಠೇಪ್ಲಾ ಡಬ್ಬಿ. (ಆ ಠೇಪ್ಲಾ ಹಂಚಿ ತಿನ್ನುವ ಪ್ರೀತಿಯ ಬಗ್ಗೆ ಬೇರೆಯೇ ಬರೆಯಬೇಕು.) ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಇವರ ಗಾಡಿಯನ್ನು ಲೂಪ್ ಲೈನಿಗೆ ತಳ್ಳುತ್ತಾರೆ. ಸೂರತ್, ಮುಂಬಯಿಗೆ ಹೋಗುವವರು ಕಾಯಬೇಕೇ ಎಂದು ಕೇಳಬಹುದು. ಬೇಡ, ದಾರಿ ಬಿಡಿ. ಆದರೆ ಬಿಟ್ಟ ನಿಮಿಷಗಳನ್ನು ಲೆಕ್ಕದಲ್ಲಿ ಬರೆಯಿರಿ. ಬರೆಯದ ಸಾಲ ತೀರುವುದಿಲ್ಲ.

ತಡಕ್ಕೆ ಬೆಲೆ ಕಟ್ಟಲು ಬರುವುದಿಲ್ಲ ಎಂದೇನಲ್ಲ. 2020ರ ಜನವರಿಯಲ್ಲಿ ಅಹಮದಾಬಾದ್–ಮುಂಬಯಿ ತೇಜಸ್ ಶುರುವಾದಾಗ ಒಂದು ಗಂಟೆ ಮೀರಿ ತಡವಾದರೆ 100 ರೂಪಾಯಿ, ಎರಡು ಗಂಟೆ ಮೀರಿದರೆ 250 ರೂಪಾಯಿ ಪರಿಹಾರವಿತ್ತು. ಆಮೇಲೆ ಅದೂ ನಿಂತಿತು, ಆ ಮಾತು ಬೇರೆ. ಪಾಸಿನವನಿಗೆ ನಾಲ್ಕಾಣೆಯೂ ಇರಲಿಲ್ಲ.

ಚುರುಕುತನಕ್ಕೂ ಕೊರತೆಯಿಲ್ಲ. 2022ರ ಸೆಪ್ಟೆಂಬರ್ 30ರಂದು ಉದ್ಘಾಟನೆಯಾದ ವಂದೇ ಭಾರತ್, ಅಕ್ಟೋಬರ್ 6ರಂದು ವಟವಾ–ಮಣಿನಗರ ನಡುವೆ ಎಮ್ಮೆಗಳಿಗೆ ಗುದ್ದಿ ಮೂತಿ ಒಡೆದುಕೊಂಡಿತು. ರಾತ್ರಿ ಬೆಳಗಾಗುವುದರೊಳಗೆ ಹೊಸ ಮೂತಿ! ಮಾರನೆಯ ದಿನ ಆಣಂದದ ಹತ್ತಿರ ಹಸುವಿಗೆ ಗುದ್ದಿತು. ಮುಂದೆ ಹಳಿಯುದ್ದಕ್ಕೂ ಬೇಲಿಯೇ ಬಂತು. ಎಮ್ಮೆ ಅಡ್ಡ ಬಂದದ್ದು ದೇಶಕ್ಕೆಲ್ಲ ಸುದ್ದಿ. ಲೂಪ್ ಲೈನಿನಲ್ಲಿ ನಿಂತ ಸಾವಿರ ಜನ ಯಾವ ಪತ್ರಿಕೆಗೆ ಬೇಕು?

ಇದನ್ನು ನಿಮಗೇಕೆ ಹೇಳುತ್ತೇನೆಂದರೆ, ನಿಮಗೂ ಉಪನಗರ ರೈಲು ಬರಲಿದೆ. ಬೆಂಗಳೂರಿನ 148 ಕಿ.ಮೀ. ಯೋಜನೆಗೆ 2022ರ ಜೂನ್ 20ರಂದು ಅಡಿಗಲ್ಲು ಬಿತ್ತು, 40 ತಿಂಗಳ ಭರವಸೆಯೂ ಸಿಕ್ಕಿತು. ತಿಂಗಳು ಮುಗಿದವು, ಗಾಡಿ ಹೊರಡಲಿಲ್ಲ. ಹೊರಡುವ ದಿನ ಹಾರ ತುರಾಯಿ, ಬ್ಯಾಂಡು ಎಲ್ಲ ಇರುತ್ತದೆ. ಅವತ್ತು ಸಮಯದ ಲೆಕ್ಕವನ್ನು ಪ್ರತಿ ನಿಲ್ದಾಣದಲ್ಲೂ ಹಿಡಿದು ಬೋರ್ಡಿಗೆ ಹಾಕಿ ಎಂದು ಜಗಳ ಮಾಡಿ. ಅಲ್ಲಿಯವರೆಗೆ ನಿಮ್ಮ ಊರಿನ ಗಾಡಿಯ ಟೈಂಟೇಬಲ್ ತೆಗೆದು, ಕೊನೆಯ ಎರಡು ನಿಲ್ದಾಣಗಳ ನಡುವೆ ಹೋಗಲೆಷ್ಟು, ಬರಲೆಷ್ಟು ಎಂದು ಒಮ್ಮೆ ಕಳೆದು ನೋಡಿ.