ಗೆಳೆಯನಿಗೆ ಕ್ಯಾನ್ಸರ್ ಎಂದಾಗ ಮೂರು ದಿನದ ಓಡಾಟ ಸಾಲದು



ನಮ್ಮವರಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆದರೆ ಚೆನ್ನೈ ಕನ್ನಡಿಗರು ಹೇಗೆ ಒದಗಿ ಬರುತ್ತಾರೆ ಎಂಬುದನ್ನು ಅಣ್ಣಾ ನಗರ್‌ನಲ್ಲಿ ಹೃದ್ರೋಗ ವೈದ್ಯನಾಗಿ ನೋಡುತ್ತಲೇ ಇದ್ದೇನೆ. ಮಧ್ಯರಾತ್ರಿ ಕಾರು ಬರುತ್ತದೆ, ಅಡ್ವಾನ್ಸ್ ಕಟ್ಟಲು ಯಾರೋ ಕಾರ್ಡ್ ಕೊಡುತ್ತಾರೆ, ಐಸಿಯು ಹೊರಗೆ ಕೂತವರಿಗೆ ಫ್ಲಾಸ್ಕ್‌ನಲ್ಲಿ ಕಾಫಿ ಬರುತ್ತದೆ. ಸ್ಟೆಂಟ್ ಹಾಕಿ ಮೂರ್ನಾಲ್ಕು ದಿನದಲ್ಲಿ ಮನೆಗೆ ಕಳಿಸಿದರೆ ಎಲ್ಲರಿಗೂ ನಿರಾಳ.

ಕ್ಯಾನ್ಸರ್ ಹಾಗಲ್ಲ. ಕೀಮೋ ಬಹಳ ಸಲ ಮೂರು ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ ನಡೆಯುತ್ತದೆ. ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವು ವಾರ. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್ ಸುಮಾರು ಒಂದು ವರ್ಷ. ನಮ್ಮ ಸ್ನೇಹ ಮೂರು ದಿನದ ಓಡಾಟಕ್ಕೆ ಪಳಗಿದೆ, ವರ್ಷದ ಜೊತೆಗೆ ಪಳಗಿಲ್ಲ. ಅದನ್ನು ನಾವು ಕಲಿಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಕ್ಯಾನ್ಸರ್ ವೈದ್ಯನಲ್ಲ. ಆದರೆ ಡಾಕ್ಸೊರುಬಿಸಿನ್, ಟ್ರಾಸ್ಟುಜುಮಾಬ್‌ನಂಥ ಔಷಧಗಳು ಹೃದಯದ ಪಂಪಿಂಗ್ ಶಕ್ತಿಯನ್ನು ಕುಗ್ಗಿಸಬಹುದು. ಹಾಗಾಗಿ ಚಿಕಿತ್ಸೆಗೆ ಮುಂಚೆ ಮತ್ತು ನಡುವೆ ಎಕೋ ಮಾಡಿಸಲು ರೋಗಿಗಳು ನಮ್ಮ ಬಳಿಗೆ ಬರುತ್ತಾರೆ. ಮೊದಲ ಎಕೋಗೆ ಜೊತೆಯಲ್ಲಿ ನಾಲ್ಕು ಜನ. ಮೂರು ತಿಂಗಳ ನಂತರದ ಎಕೋಗೆ ಗಂಡನೋ ಹೆಂಡತಿಯೋ ಒಬ್ಬರೇ. ಕೆಲವೊಮ್ಮೆ ರೋಗಿಯೇ ಆಟೋ ಹಿಡಿದು ಬಂದಿರುತ್ತಾರೆ.

ಗೆಳೆಯರಿಗೆ ಪ್ರೀತಿ ಇಲ್ಲವೆಂದಲ್ಲ. "ಏನಾದ್ರೂ ಬೇಕಿದ್ರೆ ಹೇಳು" ಎಂದು ಹೇಳಿ ಬಂದಿರುತ್ತಾರೆ. ಫೋನ್ ಬರಲಿಲ್ಲ, ಎಲ್ಲ ಸರಿಯಿರಬೇಕು ಎಂದುಕೊಳ್ಳುತ್ತಾರೆ. ಆದರೆ ಕೇಳುವುದು ಎಷ್ಟು ಕಷ್ಟ! ಕಾಯಿಲೆಯ ಭಾರದ ಜೊತೆಗೆ ಕೇಳುವ ಭಾರವನ್ನೂ ನಾವು ಅವರ ತಲೆಗೇ ಕಟ್ಟಿರುತ್ತೇವೆ. ಊರಲ್ಲಾದರೆ ಅಕ್ಕ, ಚಿಕ್ಕಮ್ಮ, ಪಕ್ಕದ ಮನೆಯವರು ಕೇಳದೇ ಬರುತ್ತಿದ್ದರು. ಹುಬ್ಬಳ್ಳಿಯನ್ನೋ ಉಡುಪಿಯನ್ನೋ ಬಿಟ್ಟು ಇಲ್ಲಿಗೆ ಬಂದವರಿಗೆ ಗೆಳೆಯರೇ ಬಂಧುಗಳು.

ಆದ್ದರಿಂದ ಒಂದು ಕೆಲಸ ಹಿಡಿಯಿರಿ. ದಿನ, ಹೊತ್ತು ಹೇಳಿ ಹಿಡಿಯಿರಿ.

"ಬುಧವಾರ ಕೀಮೋ ಅಲ್ವಾ, ಬೆಳಿಗ್ಗೆ ಏಳಕ್ಕೆ ಕಾರು ತರ್ತೀನಿ" ಎನ್ನಿ. ಅಣ್ಣಾ ನಗರ್‌ನಿಂದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಎಂದರೆ ಊರಿನ ಇನ್ನೊಂದು ತುದಿ. ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಫೈಲ್ ಮಾಡಿಕೊಡಿ. ಊರಿಂದ ಬಂದ ಅತ್ತೆಗೆ ತಮಿಳು ಬಾರದಿದ್ದರೆ ಬಿಲ್ಲಿಂಗ್ ಕೌಂಟರ್‌ನಲ್ಲಿ ನೀವು ನಿಲ್ಲಿ. ಬೆಂಗಳೂರಿನ ಕಿದ್ವಾಯಿಗೆ ಹೋಗಿಬರುವವರಿದ್ದರೆ ರೈಲು ಟಿಕೆಟ್‌ನ ಕೆಲಸ ವಹಿಸಿಕೊಳ್ಳಿ. ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ. ಭಾನುವಾರ ಎರಡು ಗಂಟೆ ರೋಗಿಯ ಹತ್ತಿರ ಕೂತು, ನೋಡಿಕೊಳ್ಳುತ್ತಿರುವವರನ್ನು ಮಲಗಲು ಕಳಿಸಿ. ಅವರು ನಿದ್ದೆ ಮಾಡಿ ಎಷ್ಟು ದಿನವಾಗಿದೆಯೋ! ಬೇಡ ಎಂದರೆ ಬಲವಂತ ಬೇಡ. ಮುಂದಿನ ವಾರ ಬೇರೆ ಕೆಲಸ ಕೇಳಿ.

ಜ್ವರದ ವಿಷಯ ಮಾತ್ರ ಎಲ್ಲರೂ ನೆನಪಿಡಿ. ಕೀಮೋ ಆದ ಒಂದೆರಡು ವಾರದಲ್ಲಿ ರಕ್ತದ ಬಿಳಿ ಕಣಗಳು ತೀರಾ ಇಳಿಯಬಹುದು. ಆಗ 100.4 ಡಿಗ್ರಿ ಜ್ವರ ಬಂದರೂ ಅದು ಎಮರ್ಜೆನ್ಸಿ. ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ತಕ್ಷಣ ಹೊರಡಬೇಕು. ಹಾರ್ಟ್ ಅಟ್ಯಾಕ್‌ಗೆ ಬರುವ ಆ ಮಧ್ಯರಾತ್ರಿಯ ಕಾರು ಇಲ್ಲಿಯೂ ಜೀವ ಉಳಿಸುತ್ತದೆ. ನಿಮಗೇ ಶೀತ, ಕೆಮ್ಮು ಇದ್ದರೆ ಆ ದಿನ ಮನೆಗೆ ಹೋಗಬೇಡಿ. ಸಾಮಾನು ಬಾಗಿಲಲ್ಲಿಟ್ಟು ಬನ್ನಿ.

ಇನ್ನು ಸಲಹೆಗಳು. ಮರದ ತೊಗಟೆಯ ಕಷಾಯ, ನಿಂಬೆ ಬಿಸಿನೀರು, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ ಎಂಬ ವಿಡಿಯೋ, ದಿನಕ್ಕೆ ಹತ್ತು ಬರುತ್ತವೆ. ಕೆಲವು ಕಷಾಯಗಳು ಲಿವರ್‌ಗೆ ತೊಂದರೆ ಕೊಡಬಹುದು, ಕೀಮೋ ಔಷಧದ ಕೆಲಸವನ್ನೂ ಏರುಪೇರು ಮಾಡಬಹುದು. ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳದೆ ಏನನ್ನೂ ಕೊಡಬೇಡಿ. "ನಮ್ಮ ಮಾವನಿಗೂ ಇದೇ ಆಗಿತ್ತು" ಎಂಬ ಕಥೆಯೂ ಬೇಡ. "ಧೈರ್ಯವಾಗಿರು" ಎಂದು ಪದೇಪದೇ ಹೇಳಿದರೆ, ಭಯವಾಗುತ್ತಿದೆ ಎಂದು ಹೇಳಿಕೊಳ್ಳಲು ಅವರಿಗೆ ಜಾಗವೇ ಇರುವುದಿಲ್ಲ. ಸುಮ್ಮನೆ ಕೂತು ಕೇಳಿ. ಕ್ರಿಕೆಟ್, ಮಕ್ಕಳ ಪರೀಕ್ಷೆ, ಊರಿನ ಮಳೆ, ಏನು ಬೇಕಾದರೂ ಮಾತಾಡಿ. ಅವರ ಒಪ್ಪಿಗೆ ಇಲ್ಲದೆ ಸುದ್ದಿಯನ್ನು ಗ್ರೂಪ್‌ಗೆ ಹಾಕಬೇಡಿ.

ಕೊನೆಯ ಕೀಮೋ ಆದ ಮೇಲೂ ಸುಸ್ತು ತಿಂಗಳುಗಟ್ಟಲೆ ಇರಬಹುದು. ಪ್ರತಿ ಸ್ಕ್ಯಾನ್‌ಗೂ ಮುಂಚೆ ಎದೆ ಡವಡವ ಎನ್ನುತ್ತದೆ. ಆಗ ನೀವು ಇರಬೇಕು. ಕಾಯಿಲೆ ಗುಣವಾಗುವ ಹಂತ ದಾಟಿದೆ ಎಂದು ವೈದ್ಯರು ಹೇಳಿದರೆ, ಏನು ಮಾತಾಡಲಿ ಎಂದು ತಿಳಿಯದೆ ಬಹಳ ಜನ ಬರುವುದನ್ನೇ ನಿಲ್ಲಿಸುತ್ತಾರೆ. ಆಗ ಮಾತೇನೂ ಬೇಕಿಲ್ಲ, ಹೋಗಿ ಕೂತರೆ ಸಾಕು.

ತಂಗಿಯನ್ನು ಕ್ಯಾನ್ಸರ್‌ನಿಂದ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅಡ್ಯಾರ್‌ನ ಆ ಆಸ್ಪತ್ರೆಯನ್ನು 1954ರಲ್ಲಿ 12 ಹಾಸಿಗೆಗಳಿಂದ ಆರಂಭಿಸಿದರು. 1955ರಲ್ಲಿ ಅಲ್ಲಿ ಸೇರಿದ ಡಾ. ವಿ. ಶಾಂತಾ 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ರೋಗಿಗಳ ಜೊತೆಗಿದ್ದರು. ಅವರ ಹಾಗೆ ಜೀವಮಾನವನ್ನೇ ಕೊಡಿ ಎಂದು ನಾನು ಹೇಳುತ್ತಿಲ್ಲ. ಒಂದು ವರ್ಷದ ಬುಧವಾರಗಳನ್ನು ಕೊಡಿ.

ಈ ಲೇಖನವನ್ನು ದಯವಿಟ್ಟು ರೋಗಿಗೆ ಫಾರ್ವರ್ಡ್ ಮಾಡಬೇಡಿ. ಅವರ ಗೆಳೆಯರಿಗೆ ಮಾಡಿ.