ಮೊದಲ ಕೋವಿಯ ಆಯ್ಕೆ: ಕಾನೂನು ಏನನ್ನು ಅನುಮತಿಸುತ್ತದೆ?

ಕಾಸರಗೋಡಿನ ಮಲೆಬದಿಯ ಗ್ರಾಮಗಳಲ್ಲಿ ಕಾಡುಹಂದಿಯ ಹಾವಳಿ ಹೆಚ್ಚಿದಂತೆ, ಕೋವಿ ಪರವಾನಗಿಯ ವಿಚಾರವೂ ಕೃಷಿಕ ಮನೆಗಳ ಮಾತಿನಲ್ಲಿ ಮತ್ತೆ ಬರತೊಡಗಿದೆ. ಕೆಲವು ಯುವಕರು .22 ರೈಫಲನ್ನೇ ಬಯಸುತ್ತಾರೆ. ಹಗುರ, ಸದ್ದು ಕಡಿಮೆ, ಮೊಲಕ್ಕೂ ಆದೀತು, ಹಂದಿಗೂ ಆದೀತು ಎಂಬುದು ಅವರ ಲೆಕ್ಕಾಚಾರ. ಈ ಲೆಕ್ಕಾಚಾರ ಎರಡು ಕಡೆ ತಪ್ಪುತ್ತದೆ.

ಮೊದಲನೆಯದು ಮೊಲದ ಮಾತು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮೊಲ, ಅಳಿಲುಗಳ ಬೇಟೆಗೆ ಹೊಸಬರು ಕೊಳ್ಳುವುದು ಇದೇ .22 ರೈಫಲನ್ನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ಪಟ್ಟಿಗಳಲ್ಲಿ ಸೇರಿದ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಮೊಲವೂ ಕಾಡುಕೋಳಿಯೂ ಆ ಪಟ್ಟಿಗಳಲ್ಲಿವೆ. 2022ರ ತಿದ್ದುಪಡಿ ಕ್ಷುದ್ರಜೀವಿಗಳ ಪ್ರತ್ಯೇಕ ಪಟ್ಟಿಯನ್ನೇ ತೆಗೆದುಹಾಕಿ, ಸಾಮಾನ್ಯ ಉಲ್ಲಂಘನೆಯ ದಂಡದ ಮಿತಿಯನ್ನು 25,000 ರೂಪಾಯಿಯಿಂದ 1,00,000 ರೂಪಾಯಿಗೆ ಏರಿಸಿತು. ಏರ್‌ಗನ್ನಿನಿಂದ ಹೊಡೆದರೂ ಅದು ಬೇಟೆಯೇ. ರಜೆಯಲ್ಲಿ ಏರ್‌ಗನ್ ಹಿಡಿದು ತೋಟಕ್ಕಿಳಿಯುವ ಮಕ್ಕಳ ಹೆತ್ತವರು ಇದನ್ನು ಅರಿತಿರಬೇಕು. ಮೊಕದ್ದಮೆಗೆ ಸಿಲುಕಿದವನಿಗೆ ಮುಂದೆ ಪಾಸ್‌ಪೋರ್ಟ್‌, ಸರ್ಕಾರಿ ನೌಕರಿ ಎರಡಕ್ಕೂ ತೊಡಕುಂಟು.

ಎರಡನೆಯದು ಹಂದಿಯ ಮಾತು. .22ರ ಗುಂಡು ಸುಮಾರು ಎರಡೂವರೆ ಗ್ರಾಂ ತೂಗುತ್ತದೆ. ಎಂಬತ್ತು ಕಿಲೋದ ಹಂದಿ ಅದರಿಂದ ಸಾಮಾನ್ಯವಾಗಿ ಸ್ಥಳದಲ್ಲೇ ಬೀಳದು. ಗಾಯಗೊಂಡು ಪೊದೆ ಸೇರಿ, ಮರುದಿನ ಹುಲ್ಲು ಕೊಯ್ಯಲು ಬಂದವರ ಮೇಲೆರಗುತ್ತದೆ. ಗುರಿ ತಪ್ಪಿದ ಗುಂಡಾದರೋ ಒಂದೂವರೆ ಮೈಲಿಯವರೆಗೂ ಹೋಗಬಲ್ಲುದು. ಮನೆಗೊಂದು ಗುಡ್ಡ, ಗುಡ್ಡಕ್ಕೊಂದು ಮನೆಯಿರುವ ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

1959ರ ಶಸ್ತ್ರಾಸ್ತ್ರ ಕಾಯಿದೆಯೂ ಇದೇ ದಿಕ್ಕಿನಲ್ಲಿದೆ. ಅದರ 13ನೆಯ ಕಲಮು ಬೆಳೆರಕ್ಷಣೆಗೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಸುರುಳಿಗೆರೆಗಳಿಲ್ಲದ ಕೋವಿಯನ್ನು. .22 ರೈಫಲಿನ ಹೆಸರು ಅಲ್ಲಿ ಬರುವುದು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕಾಗಿ. ಆದುದರಿಂದ ಬೆಳೆರಕ್ಷಣೆಯ ಕಾರಣ ಬರೆದು .22 ಕೇಳುವವನ ಅರ್ಜಿ ಆರಂಭದಲ್ಲೇ ದುರ್ಬಲ. ತೋಟಗಾರನಿಗೆ ಹನ್ನೆರಡು ಬೋರಿನ ಒಂಟಿನಳಿಗೆಯೋ ಜೋಡುನಳಿಗೆಯೋ ತಕ್ಕುದು ಎಂಬುದು ನಮ್ಮ ಅಭಿಪ್ರಾಯ.

ಗಡಿಯಾಚೆಯ ಕೊಡಗಿನವರಿಗಿಲ್ಲದ ಪರವಾನಗಿ ನಮಗೇಕೆ ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ. ಬೇಟೆಯ ನಿಷೇಧ ಅವರಿಗೂ ಅನ್ವಯಿಸುತ್ತದೆ.

ಪರವಾನಗಿ ದೊರೆತ ಮಾತ್ರಕ್ಕೆ ಹಂದಿಗೆ ಗುಂಡಿಕ್ಕುವಂತಿಲ್ಲ. ಕೇರಳ ಸರ್ಕಾರ 2022ರಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪಾಲಕರ ಅಧಿಕಾರ ನೀಡಿ, ಬೆಳೆಗೂ ಜೀವಕ್ಕೂ ಅಪಾಯ ತರುವ ಹಂದಿಯನ್ನು ಪರವಾನಗಿದಾರರಿಂದ ಕೊಲ್ಲಿಸಲು ಅವಕಾಶ ಮಾಡಿತು. ವಿಷ, ಸ್ಫೋಟಕ, ವಿದ್ಯುತ್ ಬಳಸುವಂತಿಲ್ಲ; ಕಳೇಬರವನ್ನು ಹೂಳಬೇಕು, ಮಾಂಸದ ಆಸೆ ಬೇಡ. 2025ರ ಅಕ್ಟೋಬರಿನಲ್ಲಿ ರಾಜ್ಯ ವಿಧಾನಸಭೆ ವನ್ಯಜೀವಿ ತಿದ್ದುಪಡಿ ಮಸೂದೆಯೊಂದನ್ನು ಅಂಗೀಕರಿಸಿತಾದರೂ, ಕೇಂದ್ರದ ಕಾಯಿದೆಯನ್ನು ತಿದ್ದುವ ಅಂತಹ ಮಸೂದೆ ರಾಷ್ಟ್ರಪತಿಗಳ ಅಂಕಿತವಿಲ್ಲದೆ ಜಾರಿಗೆ ಬರಲಾರದು. ಮಸೂದೆಯ ಸುದ್ದಿ ನೆಚ್ಚಿ ಯಾರೂ ಕೋವಿ ಎತ್ತಬಾರದು. ಇನ್ನೊಂದು ವಿಪರ್ಯಾಸ: ಚುನಾವಣೆ ಘೋಷಣೆಯಾದೊಡನೆ ಕೋವಿಗಳನ್ನು ಠಾಣೆಗೊಪ್ಪಿಸುವ ಸೂಚನೆ ಬರುವುದು ವಾಡಿಕೆ, ಹಂದಿಗಳಿಗಂತೂ ನೀತಿಸಂಹಿತೆಯಿಲ್ಲ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ ಐದು ವರ್ಷ. ಆದೇಶಗಳೂ ಷರತ್ತುಗಳೂ ಮಲಯಾಳದಲ್ಲಿ ಕೈಸೇರಿದಾಗ, ಕನ್ನಡ ಮಾತ್ರ ಓದಬಲ್ಲ ಹಿರಿಯರು ತಿಳಿಯದೆ ಸಹಿ ಹಾಕುವುದು ಬೇಡ. ಭಾಷಾ ಅಲ್ಪಸಂಖ್ಯಾತರಿಗೆ ಅವುಗಳ ಕನ್ನಡ ಪ್ರತಿ ಕೊಡಬೇಕೆಂದು ಪಂಚಾಯತು ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಸ್ವೀಕೃತಿ ಚೀಟಿ ಪಡೆದುಕೊಳ್ಳಿರಿ.