ತೌರಾತ್ ಯಾವಾಗ ಬರೆದದ್ದು? ಮೇಜು ಬಡಿಯುವ ಮೊದಲು

ಕಳೆದ ತಿಂಗಳು ದೀನಿಯಾತ್ ತರಗತಿ ಮುಗಿದ ಮೇಲೆ ಗೆಳತಿಯೊಬ್ಬಳು ಮನೆಯಲ್ಲಿ ನೋಡಿದ ವಿಡಿಯೊ ಒಂದರ ಸುದ್ದಿ ತಂದಳು. "ಈಗಿನ ತೌರಾತ್ ಹಜ್ರತ್ ಮೂಸಾ (ಅ) ಅವರ ಕಾಲದ್ದೇ ಅಲ್ಲವಂತೆ. ನೂರಾರು ವರ್ಷ ಆದಮೇಲೆ ಯಾರೋ ಕೂತು ಬರೆದದ್ದಂತೆ. ಯುರೋಪಿನ ಪ್ರೊಫೆಸರ್‌ಗಳೇ ಸಾಬೀತು ಮಾಡಿದ್ದಾರೆ!" ನಾವೆಲ್ಲ ಖುಷಿಯಿಂದ ಮೇಜು ಬಡಿದೆವು. ನಾನೂ ಬಡಿದೆ. ಮನೆಗೆ ಹೋದ ಮೇಲೆ ಸಂಶಯ ಶುರುವಾಯಿತು. ಸಾಬೀತು ಮಾಡಿದ್ದು ಯಾವುದರಿಂದ? ಅಕೌಂಟೆನ್ಸಿ ಓದುವವಳು ವೋಚರ್ ನೋಡದೆ ಎಂಟ್ರಿ ಹಾಕಬಾರದಲ್ಲ.

ಹುಡುಕುತ್ತಾ ಹೋದರೆ ನಿಜವಾಗಿಯೂ ವೋಚರ್‌ಗಳೇ ಸಿಕ್ಕವು. ಮೃತ ಸಮುದ್ರದ ಪಶ್ಚಿಮಕ್ಕೆ, ನೆಗೆವ್ ಮರುಭೂಮಿಯ ಅಂಚಿನಲ್ಲಿ ಅರಾದ್ ಎಂಬ ಪುಟ್ಟ ಕೋಟೆ ಇತ್ತು. 1960ರ ದಶಕದಲ್ಲಿ ಅಲ್ಲಿ ಅಗೆದಾಗ ಮಡಕೆ ಚೂರುಗಳ ಮೇಲೆ ಶಾಯಿಯಿಂದ ಬರೆದ ಹೀಬ್ರೂ ಬರಹಗಳು ಸಿಕ್ಕವು. ಅವುಗಳಲ್ಲಿ ಹಲವು ಕ್ರಿ.ಪೂ. 600ರ ಸುಮಾರಿನವು. ಎಲ್ಯಾಷೀಬ್ ಎಂಬ ಉಗ್ರಾಣದ ಅಧಿಕಾರಿಗೆ ಬಂದ ಆದೇಶಗಳು ಅವು: ಇಂಥವರಿಗೆ ಇಷ್ಟು ಅಳತೆ ವೈನ್ ಕೊಡು, ರೊಟ್ಟಿ ಮಾಡಲು ಇಷ್ಟು ಹಿಟ್ಟು ಕಳುಹಿಸು. ಒಂದರಲ್ಲಂತೂ, ಕೊಟ್ಟ ದಿನ ಯಾವುದೆಂದು ಬರೆದಿಡು ಎಂಬ ಸೂಚನೆಯೂ ಇದೆ. ಅದನ್ನು ಓದಿ ನಮ್ಮ ಅಕೌಂಟೆನ್ಸಿ ಮೇಡಂ ನೆನಪಾದರು.

ಉಗ್ರಾಣದ ಚೀಟಿಗೂ ತೌರಾತಿಗೂ ಏನು ಸಂಬಂಧ? 2016ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದವರು 16 ಬರಹಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ, ಕನಿಷ್ಠ ಆರು ಜನರ ಕೈಬರಹ ಇದೆ ಎಂದರು. 2020ರಲ್ಲಿ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ್ದ ಕೈಬರಹ ತಜ್ಞೆಯೊಬ್ಬರು 18 ಬರಹ ನೋಡಿ 12 ಜನ ಎಂದರು. ಊರಾಚೆಯ ಕೋಟೆಯಲ್ಲೇ ಇಷ್ಟು ಜನಕ್ಕೆ ಓದು ಬರಹ ಬರುತ್ತಿತ್ತು ಎಂದಾದರೆ, ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಬುಖ್ತ್‌ನಸರ್ ಜೆರೂಸಲೇಮನ್ನು ಕೆಡವುವ ಮೊದಲೇ ದೊಡ್ಡ ಗ್ರಂಥಗಳನ್ನು ಬರೆಯುವ ಶಕ್ತಿ ಆ ನಾಡಿಗೆ ಇತ್ತು ಎಂಬುದು ಅವರ ವಾದ. ಇನ್ನು ಕೆಲವು ವಿದ್ವಾಂಸರು ಹೆಚ್ಚಿನ ಭಾಗ ರೂಪುಗೊಂಡಿದ್ದು ಬಾಬಿಲೋನಿನ ಸೆರೆವಾಸದಲ್ಲಿ ಮತ್ತು ಆಮೇಲಿನ ಪರ್ಷಿಯನ್ನರ ಕಾಲದಲ್ಲಿ ಎನ್ನುತ್ತಾರೆ. ನನಗನ್ನಿಸುವುದು ಇಷ್ಟು: ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಉದ್ರಿ ಪುಸ್ತಕ ಅಚ್ಚುಕಟ್ಟಾಗಿ ಬರೆಯುತ್ತಾರೆ. ಅಷ್ಟರಿಂದ ಅವರು ಕಾದಂಬರಿ ಬರೆದಿದ್ದಾರೆ ಎನ್ನಲಾಗದು. ಬರೆಯಲಾರರು ಎಂದೂ ಹೇಳಲಾಗದು.

1979ರಲ್ಲಿ ಜೆರೂಸಲೇಮಿನ ಹತ್ತಿರ ಹಳೆಯ ಸಮಾಧಿಯೊಂದರಲ್ಲಿ ಸುರುಳಿ ಸುತ್ತಿದ ಎರಡು ಪುಟ್ಟ ಬೆಳ್ಳಿ ತಗಡುಗಳು ಸಿಕ್ಕವು. ಬಿಡಿಸಿ ನೋಡಿದರೆ ತೌರಾತಿನ ನಾಲ್ಕನೆಯ ಪುಸ್ತಕದಲ್ಲಿರುವ ಆಶೀರ್ವಾದದ ಮಾತುಗಳು ಅದರಲ್ಲಿದ್ದವು. ಅವೂ ಕ್ರಿ.ಪೂ. 600ರ ಆಸುಪಾಸಿನವು ಎನ್ನುತ್ತಾರೆ. ಚಿತ್ರ ನೋಡಿದ ಕೂಡಲೇ ನನಗೆ ಹೊಳೆದದ್ದು ದಾದಿಯ ಪೆಟ್ಟಿಗೆಯಲ್ಲಿರುವ ಬೆಳ್ಳಿ ತಾವೀಝ್. (ತಾವೀಝ್ ಕಟ್ಟುವುದು ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ, ಮನೆಯಲ್ಲೇ ಸಾಕಷ್ಟಿದೆ.) ಆ ಮಾತುಗಳು ಆಗ ಜನರ ಬಾಯಲ್ಲಿದ್ದವು ಎಂಬುದಕ್ಕೆ ಅದು ಸಾಕ್ಷಿ. ಪೂರ್ತಿ ಪುಸ್ತಕ ಆಗಲೇ ಇತ್ತು ಎಂಬುದಕ್ಕೆ ಅಲ್ಲ.

ಇನ್ನೊಂದು ವಿಷಯ ನನ್ನನ್ನು ನಾಚಿಸಿತು. ಈ ಪ್ರಶ್ನೆಯನ್ನು ಯಹೂದಿಗಳಿಂದ ಯಾರೂ ಮುಚ್ಚಿಟ್ಟಿರಲಿಲ್ಲ. ಐದನೆಯ ಪುಸ್ತಕದ ಕೊನೆಯಲ್ಲಿ ಹಜ್ರತ್ ಮೂಸಾ (ಅ) ಅವರ ವಫಾತಿನ ವಿವರವಿದೆ. ತಮ್ಮ ಮರಣವನ್ನು ತಾವೇ ಹೇಗೆ ಬರೆದರು? ಆ ಎಂಟು ವಾಕ್ಯ ಬರೆದದ್ದು ಶಿಷ್ಯ ಯೂಷಾ ಎಂದು ಕೆಲವರು, ಮೂಸಾ ಅವರೇ ಕಣ್ಣೀರಿನೊಂದಿಗೆ ಬರೆದರು ಎಂದು ಕೆಲವರು ತಾಲ್ಮುದ್‌ನಲ್ಲೇ ಚರ್ಚಿಸಿದ್ದಾರೆ. ನಮ್ಮವರಲ್ಲೂ 1377ರಲ್ಲಿ ಮುಕದ್ದಿಮಾ ಬರೆದ ಇಬ್ನ್ ಖಲ್ದೂನ್, ಮೂಸಾ ಅವರ ಸೇನೆಯಲ್ಲಿ ಆರು ಲಕ್ಷ ಜನರಿದ್ದರು ಎಂಬ ಲೆಕ್ಕವನ್ನು ಒಪ್ಪಲಿಲ್ಲ. ನಾಲ್ಕೇ ತಲೆಮಾರಿನಲ್ಲಿ ಅಷ್ಟು ಜನ ಹೇಗಾದರು ಎಂದು ಕೇಳಿದರು. ಅದು ಆಡಿಟ್. ನಾವು ಮಾಡಿದ್ದು ಗಲಾಟೆ.

ನಾಲ್ಕು ಬೇರೆ ಬೇರೆ ಮೂಲಗಳಿಂದ ತೌರಾತ್ ಹೆಣೆಯಲಾಗಿದೆ ಎಂಬ ವಾದವನ್ನು 1878ರಲ್ಲಿ ಪ್ರಸಿದ್ಧಗೊಳಿಸಿದವರು ಜರ್ಮನಿಯ ವೆಲ್‌ಹೌಸನ್. ಅದೇ ಮನುಷ್ಯ ಆಮೇಲೆ ಅರಬ್ಬಿ ಕಲಿಸುತ್ತಾ ಇಸ್ಲಾಮಿನ ಆರಂಭದ ಇತಿಹಾಸವನ್ನೂ ಅದೇ ಕಣ್ಣಿನಿಂದ ನೋಡಿ ಪುಸ್ತಕ ಬರೆದರು. ಅವರ ತಕ್ಕಡಿಯನ್ನು ಪಕ್ಕದ ಮನೆಯ ಸಾಮಾನು ತೂಗುವುದಕ್ಕೆ ಮಾತ್ರ ಎರವಲು ತರುತ್ತೇವೆ, ನಮ್ಮ ಮನೆಗೆ ಬಂದಾಗ ಬಾಗಿಲು ಹಾಕುತ್ತೇವೆ ಎಂದರೆ ಅದು ನ್ಯಾಯವಲ್ಲ. ತೌರಾತಿನಲ್ಲಿ ಬದಲಾವಣೆ ಆಗಿದೆ ಎಂಬುದು ನಮ್ಮ ನಂಬಿಕೆ. ನಾನೂ ನಂಬುತ್ತೇನೆ. ಅದಕ್ಕೆ ವೆಲ್‌ಹೌಸನ್ ಸಹಿ ಬೇಕಿಲ್ಲ.

ವ್ಯವಹಾರ ನಡೆದ ದಿನ ಬೇರೆ, ಅದು ಲೆಡ್ಜರಿಗೆ ಏರಿದ ದಿನ ಬೇರೆ. ನನ್ನ ತಮ್ಮ ಹಿಫ್ಝ್ ಮಾಡುತ್ತಿದ್ದಾನೆ. ಬೆಳಿಗ್ಗೆ ಅವನ ಪಾಠ ಒಪ್ಪಿಸಿಕೊಳ್ಳುವವಳು ನಾನು, ಕಾಗದಕ್ಕಿಂತ ಎದೆಯಲ್ಲಿ ಮಾತು ಹೇಗೆ ನಿಲ್ಲುತ್ತದೆಂದು ದಿನಾ ನೋಡುತ್ತೇನೆ. ಯಮಾಮಾ ಯುದ್ಧದಲ್ಲಿ ಹಾಫಿಝರು ಶಹೀದರಾದ ಮೇಲೆ ಹಜ್ರತ್ ಅಬೂಬಕರ್ (ರ) ಕುರ್‌ಆನನ್ನು ಒಂದೆಡೆ ಸೇರಿಸಿ ಬರೆಸಿದರು ಎಂದು ಓದಿದ್ದೇವೆ. ಸೇರಿಸಿದ ದಿನವೇ ಅವತರಿಸಿದ ದಿನ ಎಂದು ನಾವ್ಯಾರೂ ಹೇಳುವುದಿಲ್ಲ. ಹಾಗಿದ್ದರೆ ಯಹೂದಿ ಹುಡುಗಿಯೊಬ್ಬಳು ತನ್ನ ಗ್ರಂಥದ ಬಗ್ಗೆ ಇದೇ ಮಾತು ಹೇಳಿದರೆ ನಗುವುದೇಕೆ? ನಮ್ಮಲ್ಲಿ ಆ ಅಂತರ ಕೆಲವೇ ವರ್ಷ, ಅವರಲ್ಲಿ ಶತಮಾನಗಳು. ಈ ವ್ಯತ್ಯಾಸ ಸಣ್ಣದಲ್ಲ, ಅದನ್ನೂ ಹೇಳಲೇಬೇಕು.

ಇದನ್ನೆಲ್ಲ ಗೆಳತಿಗೆ ಹೇಳಿದೆ. "ಹಾಗಾದರೆ ಯಾವಾಗ ಬರೆದದ್ದು, ಅದನ್ನು ಹೇಳು" ಎಂದಳು. ಕ್ರಿ.ಪೂ. 600ರ ಹೊತ್ತಿಗೆ ಕೆಲವು ಮಾತು ಬೆಳ್ಳಿಯ ಮೇಲಿದ್ದವು, 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ, ಏಳು ಮೀಟರಿಗೂ ಉದ್ದದ ಯೆಶಾಯನ ಸುರುಳಿ ಕ್ರಿ.ಪೂ. ಎರಡನೆಯ ಶತಮಾನದ್ದು, ಉಳಿದದ್ದಕ್ಕೆ ವಾದ ನಡೆದಿದೆ ಎಂದೆ. ಎಲ್ಯಾಷೀಬನಿಗೆ ದಿನ ಬರೆದಿಡು ಎಂದು ಹೇಳುವವರಿದ್ದರು, ತೌರಾತ್ ಬರೆದವರು ತಾರೀಖು ಹಾಕಲಿಲ್ಲ. "ನನ್ನ ವಿಡಿಯೊ ಹಾಳು ಮಾಡಿದೆ" ಎಂದು ಅವಳು ಟಿಫಿನ್ ಡಬ್ಬಿ ತೆರೆದಳು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ